ಕರೆಯದೆ ಹೋಗುತ್ತಿದ್ದ ಗಾಡಿ

ಎಕ್ಕಂಬಿಯ ಸುತ್ತಮುತ್ತ ಯಾರಾದರೂ ತೀರಿಕೊಂಡರೆ ಮೊದಲು ಬಂದು ಮುಟ್ಟುತ್ತಿದ್ದುದು ನೆಂಟರಲ್ಲ, ಶಾಂತಾರಾಮನ ಗಾಡಿ. ಸುದ್ದಿ ಅವನಿಗೆ ಹೇಗೆ ಸಿಗುತ್ತಿತ್ತೋ ದೇವರೇ ಬಲ್ಲ. ಹಾಲು ಹಾಕಲು ಬಂದವರು ಹೇಳುತ್ತಿದ್ದರೋ, ಬಸ್ಸಿನ ಕಂಡಕ್ಟರ್ ಇಳಿಸಿ ಹೋಗುತ್ತಿದ್ದನೋ, ಅಂತೂ ಸತ್ತವರ ಮಗ ಇನ್ನೂ ಸೋದರಮಾವನಿಗೆ ಫೋನ್ ಹಚ್ಚುತ್ತ ನಿಂತಿರುವಾಗಲೇ ಬಣ್ಣ ಮಾಸಿದ ಆ ಟೆಂಪೊ ಅಂಗಳದ ಮುಂದೆ ಬಂದು ನಿಂತಿರುತ್ತಿತ್ತು. ಡ್ರೈವರ್ ಫಕ್ಕೀರಪ್ಪ ಸದ್ದಾಗದಂತೆ ಕುರ್ಚಿಗಳನ್ನು ಇಳಿಸುತ್ತಿದ್ದ. ಶಾಂತಾರಾಮ ಗಳ ನೆಟ್ಟು ತಾಡಪತ್ರಿ ಎಳೆದು ಕಟ್ಟುತ್ತಿದ್ದ. ಕಟ್ಟಿ ಮುಗಿದ ಮೇಲೆ ಕಾಲು ತೊಳೆದು ಒಳಗೆ ಹೋಗಿ, ಹೆಣದ ಪಾದಕ್ಕೆ ಕೈಮುಗಿದು, ಹೊರಗೆ ಬಂದು ತಾನು ಹಾಕಿದ ಕುರ್ಚಿಗಳಲ್ಲೇ ಒಂದರಲ್ಲಿ ಕೂರುತ್ತಿದ್ದ. ಮಣ್ಣೋ ಬೆಂಕಿಯೋ ಆಗುವವರೆಗೆ ಏಳುತ್ತಿರಲಿಲ್ಲ.

ಬಾಡಿಗೆಯ ಮಾತು ಬರುತ್ತಲೇ ಇರಲಿಲ್ಲ. ಮದುವೆಯ ಮನೆಯವರು ಬಾಡಿಗೆ ಕೊಡಬೇಕು, ಸತ್ತ ಮನೆಯವರು ಕೊಡಬಾರದು. ಇದು ಅವನ ಅಪ್ಪ ನಾಲ್ಕು ಕಬ್ಬಿಣದ ಕುರ್ಚಿ, ಒಂದು ಗ್ಯಾಸ್‌ಲೈಟು ಇಟ್ಟುಕೊಂಡು ಶಾಮಿಯಾನದ ಅಂಗಡಿ ತೆರೆದ ದಿನದಿಂದ ನಡೆದು ಬಂದದ್ದು. ಹೊಸಬರು ಯಾರಾದರೂ ತಿಳಿಯದೆ ಕಿಸೆಗೆ ಕೈ ಹಾಕಿದರೆ ಶಾಂತಾರಾಮನ ಮುಖ ಕಪ್ಪಿಡುತ್ತಿತ್ತು. "ಅಳಾಕ ಕುಂತವ್ರಿಗೆ ಕುರ್ಚಿ ಕೊಟ್ಟು ರೊಕ್ಕ ಇಸಗೊಳ್ಳಾಕ ನಾ ಏನ್ ಸಾವಿನ ದಲ್ಲಾಳಿ ಏನ್ರಿ?" ಎನ್ನುತ್ತಿದ್ದ. ಹೀಗೆ ನಡೆದುಕೊಂಡ ಮನುಷ್ಯ ದಿವಾಳಿ ಏಳಬೇಕಿತ್ತು ತಾನೆ? ಏಳಲಿಲ್ಲ. ಆ ಹಳ್ಳಿಗಳಲ್ಲಿ ಮದುವೆಯ ಕುರ್ಚಿ, ಚಪ್ಪರ, ಮೈಕು ಎಂದರೆ ಜನ ಬೇರೆ ಯಾವ ಅಂಗಡಿಯ ಕಡೆಗೂ ತಿರುಗಿ ನೋಡುತ್ತಿರಲಿಲ್ಲ. ಅಪ್ಪ ಸತ್ತಾಗ ಕರೆಯದೆ ಬಂದವನನ್ನು ಮಗಳ ಮದುವೆಗೆ ಕರೆಯದೆ ಇರುವಷ್ಟು ಗಟ್ಟಿ ಮುಖ ಅಲ್ಲಿ ಯಾರಿಗೂ ಇರಲಿಲ್ಲ.

ಅವನ ತಂಗಿ ರೋಹಿಣಿಗೆ ಮಾತ್ರ ಇದು ಅಷ್ಟಾಗಿ ಸರಿಬರುತ್ತಿರಲಿಲ್ಲ. ಅವಳು ಶಿರಸಿಯ ಬಟ್ಟೆ ಅಂಗಡಿಯೊಂದರ ಸೀರೆಯ ಕಟ್ಟೆಯ ಮೇಲೆ ಕೂತೇ ತಲೆ ನರೆಸಿಕೊಂಡವಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಅಣ್ಣನ ಮನೆಗೆ ಮರಳುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ದಿನಾ ಅಷ್ಟ್ ಮಂದಿ ಮದಲಗಿತ್ತೇರ ಕಣ್ಣೀರು, ಅತ್ತೇರ ಹಟ ನೋಡ್ತೀನಿ, ಸಾಕಾಗೇತಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಗಿರಾಕಿ ಮೆಟ್ಟಿಲು ಹತ್ತುವ ರೀತಿಯಲ್ಲೇ ಇವಳು ಕೊಳ್ಳುವವಳೋ, ಎಲ್ಲ ಬಿಚ್ಚಿಸಿ ನೋಡಿ ಹೋಗುವವಳೋ ಹೇಳಬಲ್ಲಳು. ಹತ್ತು ರೂಪಾಯಿ ಬಿಡದೆಯೂ ಗಿರಾಕಿಗೆ ತಾನೇ ಗೆದ್ದೆ ಅನ್ನಿಸಿ ಕಳಿಸುವ ವಿದ್ಯೆ ಅವಳಿಗೆ ಕರಗತ. ಅಣ್ಣನದು ವ್ಯಾಪಾರವಲ್ಲ, ಸಮಾಜಸೇವೆ ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುವಳು. ಅಣ್ಣ ನಕ್ಕು ಅನ್ನ ಕಲಸುತ್ತಿದ್ದ. ಅತ್ತಿಗೆ ದೇವಿ ಇಬ್ಬರ ತಟ್ಟೆಗೂ ಇನ್ನಷ್ಟು ಸಾರು ಹಾಕಿ ಮಾತು ಮುಗಿಸುತ್ತಿದ್ದಳು. ಅವಳು ಯಾವಾಗಲೂ ಮಾತಿಗಿಂತ ಸಾರನ್ನು ನಂಬಿದ ಹೆಂಗಸು.

ಆಮೇಲೆ ಕೊರೊನಾ ಬಂತು. ಮೊದಲ ವರ್ಷದ ಮದುವೆಯ ಸುಗ್ಗಿ ಬೀಗ ಹಾಕಿದ ಬಾಗಿಲ ಹಿಂದೆ ಕಳೆಯಿತು. ಬರುವ ವರ್ಷ ಸರಿಯಾಗುತ್ತದೆ ಅಂದುಕೊಂಡರು. ಬರುವ ವರ್ಷ ಇನ್ನೂ ಕೆಟ್ಟದಾಗಿ ಬಂತು. ಬಟ್ಟೆ ಅಂಗಡಿಯವರು ಅರ್ಧ ಜನರನ್ನು ಮನೆಗೆ ಕಳಿಸಿದರು. ಕಳಿಸಿದವರಲ್ಲಿ ರೋಹಿಣಿಯೂ ಇದ್ದಳು. ಅಷ್ಟು ವರ್ಷ ದುಡಿಸಿಕೊಂಡ ಸಾಹುಕಾರರು ಒಂದು ಸೀರೆ ಕೊಟ್ಟು, "ಸುಧಾರಿಸಿದ ಮೇಲೆ ಹೇಳಿ ಕಳಿಸ್ತೇವೆ" ಅಂದರು. ಅದರ ಅರ್ಥ ಏನೆಂದು ಅವಳಿಗೆ ಗೊತ್ತಿತ್ತು, ಗಿರಾಕಿಗಳಿಗೆ ಅವಳೇ ಎಷ್ಟೋ ಸಲ ಹಾಗೆ ಹೇಳಿದ್ದಳು.

ಮನೆಯಲ್ಲಿ ಕೂತು ಎರಡನೆಯ ವಾರಕ್ಕೆ ಅವಳಿಗೆ ತಲೆ ಕೆಟ್ಟಿತು. ಒಂದು ಬೆಳಿಗ್ಗೆ ಕ್ರಾಸಿನಲ್ಲಿದ್ದ ಅಣ್ಣನ ಅಂಗಡಿಯ ಕಡೆಗೆ ನಡೆದಳು. ಹೋಗಿ ನೋಡುತ್ತಾಳೆ, ಗುಜರಿಯವನೊಬ್ಬ ತೂಕದ ಕೊಕ್ಕೆ ಹಿಡಿದು ನಿಂತಿದ್ದಾನೆ. ಫಕ್ಕೀರಪ್ಪ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಕುರ್ಚಿಗಳನ್ನು ಹಗ್ಗದಿಂದ ಕಟ್ಟುತ್ತಿದ್ದಾನೆ. ಅಣ್ಣ ಮಾತ್ರ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ.

"ಏನ ಅಣ್ಣಾ ಇದು?"

"ಇಲಿ ಕಡಿಯಾಕ ಹತ್ಯಾವ. ಪರದೆ ಎಲ್ಲಾ ತೂತು ಮಾಡ್ಯಾವ. ಇದ್ದಷ್ಟಕ್ಕ ಕೊಟ್ಟುಬಿಡೂದು ಅಂತ."

"ಇನ್ನ ಮ್ಯಾಲೆ ಊರಾಗ ಮದಿವಿ ಆಗೂದಿಲ್ಲೇನು?"

"ಆದಾಗ ಆಗ್ಲಿ. ಅಲ್ಲೀ ತನಕ ಫಕ್ಕೀರಪ್ಪನ ಮನಿಯವ್ರು ಏನ್ ತಿನ್ನಬೇಕು? ಗಾಡೀನೂ ಮಾರ್ತೇನಿ. ಹುಬ್ಬಳ್ಳಿಯವ ಕೇಳ್ಯಾನ."

ಗಾಡಿ ಮಾರುತ್ತೇನೆ ಎಂದಾಗ ಅವನ ದನಿ ನಡುಗಿತು. ರೋಹಿಣಿ ಅದನ್ನು ಕೇಳಿಸಿಕೊಂಡಳು. ಅಪ್ಪ ಸತ್ತಾಗಲೂ ಹೀಗೆ ನಡುಗದ ದನಿ ಅದು. ಅಂಗಡಿ ಹೋದರೆ ಅಣ್ಣನೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಅವಳ ಮನಸ್ಸಿಗೆ ಆ ಗಳಿಗೆಯಲ್ಲೇ ಬಂತು. ಬಂದದ್ದು ಕೊನೆಯವರೆಗೂ ಹೋಗಲಿಲ್ಲ. ಅವಳು ಗುಜರಿಯವನ ಕಡೆಗೆ ತಿರುಗಿ, ಸೀರೆಯ ಕಟ್ಟೆಯ ಮೇಲಿನ ತನ್ನ ಹಳೆಯ ನಗು ನಕ್ಕು, "ನೀವು ಸುಧಾರಿಸಿದ ಮ್ಯಾಲೆ ಬರ್ರಿ, ಹೇಳಿ ಕಳಸ್ತೀವಿ" ಎಂದಳು.

ಅಂದಿನಿಂದ ಅಂಗಡಿಯ ಕೀಲಿ ಅವಳ ಸೊಂಟಕ್ಕೆ ಬಂತು. ಹೆಂಗಸು ಶಾಮಿಯಾನದ ಅಂಗಡಿ ನಡೆಸುತ್ತಾಳೆಯೇ ಎಂದು ಕ್ರಾಸಿನ ಚಹಾದಂಗಡಿಯಲ್ಲಿ ಮಾತಾಯಿತು. ಮಾತಾಡುವವರಿಗೆ ಆಗ ಬೇರೆ ಕೆಲಸವೂ ಇರಲಿಲ್ಲ. ಅವಳು ಮೊದಲು ಮಾಡಿದ್ದು ಇಲಿ ಕಡಿದ ಪರದೆಗಳನ್ನೆಲ್ಲ ಅಂಗಳದಲ್ಲಿ ಹರಡಿ, ತೂತಿಲ್ಲದ ಭಾಗ ಕತ್ತರಿಸಿ, ಹೊಲಿಗೆ ಹಾಕಿ ಸಣ್ಣ ಸಣ್ಣ ಚಪ್ಪರದ ಬಟ್ಟೆ ಮಾಡಿದ್ದು. ದೊಡ್ಡ ಮದುವೆ ಇಲ್ಲದಿದ್ದರೆ ಇಲ್ಲ, ಮನೆಯಂಗಳದಲ್ಲಿ ಹತ್ತಿರದವರಷ್ಟೇ ಸೇರಿ ತಾಳಿ ಕಟ್ಟಿಸುವವರು ಇದ್ದೇ ಇದ್ದರು. ಅವರಿಗೆ ಬೇಕಾದ ಪುಟ್ಟ ಮಂಟಪ, ಒಂದಿಷ್ಟು ಕುರ್ಚಿ, ಹೂವಿನ ಒಂದು ಕಮಾನು, ಎಲ್ಲ ಸೇರಿಸಿ ಒಂದೇ ದರ ಹೇಳಿದಳು. ಮಳೆ ಹಿಡಿದ ಹೊತ್ತಿಗೆ ಗೋವಿನಜೋಳ ಒಣಗಿಸುವವರಿಗೆ ತಾಡಪತ್ರಿ ಬಾಡಿಗೆಗೆ ಬಿಟ್ಟಳು. ಸಂತೆ ಮುಚ್ಚಿದ್ದರಿಂದ ಬಯಲಲ್ಲಿ ತರಕಾರಿ ಮಾರುತ್ತಿದ್ದವರಿಗೆ ನೆರಳು ಕಟ್ಟಿಸಿದಳು. ಲಸಿಕೆಗೆ ಸಾಲು ನಿಲ್ಲುವಲ್ಲಿ ಕುರ್ಚಿ ಹಾಕಿಸಿದಳು. ಅಣ್ಣ ಅವಳ ಹಿಂದೆ ಹಿಂದೆ ಬೆರಗಾಗಿ ಓಡಾಡಿದ. "ನೀ ಗಂಡ್ಸಾಗಿ ಹುಟ್ಟಿದ್ರ ನಾ ಮೊದ್ಲ ಸುಖವಾಗಿರ್ತಿದ್ನಿ" ಅಂದ. "ಹೆಂಗ್ಸಾಗೇ ಇದ್ದೇನಿ, ಈಗ ಸುಖವಾಗಿರು" ಎಂದು ಅವಳು ಗದರಿಸಿದಳು. ಆ ದಿನಗಳಲ್ಲಿ ಅವರಿಬ್ಬರೂ ಚಿಕ್ಕಂದಿನಲ್ಲಿ ಹೇಗಿದ್ದರೋ ಹಾಗೆ ಇದ್ದರು.

ಆದರೂ ಸಾಲುತ್ತಿರಲಿಲ್ಲ. ಬಂದದ್ದೆಲ್ಲ ಡೀಸೆಲ್ಲಿಗೆ ಹೋಗುತ್ತಿತ್ತು. ಡೀಸೆಲ್ ಎಲ್ಲಿಗೆ ಹೋಗುತ್ತಿತ್ತು ಎಂದರೆ, ಸತ್ತ ಮನೆಗಳಿಗೆ. ಆ ವರ್ಷ ಸಾವು ಒಂದೂರು ಬಿಟ್ಟು ಇನ್ನೊಂದೂರಿಗೆ ದಾಟಿ ದಾಟಿ ಹೋಯಿತು. ಬೆಳಿಗ್ಗೆ ಒಂದು ಮನೆಯಲ್ಲಿ ಕುರ್ಚಿ ಇಳಿಸಿದರೆ ಸಂಜೆ ಇನ್ನೊಂದಕ್ಕೆ ಹೋಗಬೇಕಾಗುತ್ತಿತ್ತು. ಬರುವವರು ಕಡಿಮೆ, ಆದರೆ ದೂರ ದೂರ ಕೂರಬೇಕಾದ್ದರಿಂದ ತಾಡಪತ್ರಿ ಹೆಚ್ಚು. ಮದುವೆಯಿಂದ ಬಾಡಿಗೆ ಬರುತ್ತದೆಂಬ ಭರವಸೆಯಲ್ಲಿ ಸಾವಿಗೆ ಬಿಟ್ಟಿ ಕೊಡುತ್ತಿದ್ದ ಅಂಗಡಿ ಅದು. ಮದುವೆಗಳೇ ಇಲ್ಲದಾಗ ಸಾವುಗಳು ಅಂಗಡಿಯನ್ನು ಮೇಯತೊಡಗಿದವು.

ಒಂದು ದಿನ ಊಟದ ಹೊತ್ತಿಗೆ ರೋಹಿಣಿ ಹೇಳಿಯೇಬಿಟ್ಟಳು. "ಅಣ್ಣಾ, ಸತ್ತ ಮನ್ಯಾಗೂ ಸ್ವಲ್ಪ ಇಸಗೋಳೂಣು. ಡೀಸೆಲ್ಲಿನಷ್ಟಾದ್ರೂ."

ಶಾಂತಾರಾಮ ತಟ್ಟೆಯಿಂದ ಕೈ ತೆಗೆದ. "ಬ್ಯಾಡ."

"ಅವ್ರ ಕೊಡೂದಿಲ್ಲಂತ ಹೇಳ್ಯಾರೇನು? ನೀನ ತಗೊಳ್ಳೂದಿಲ್ಲ."

"ಬ್ಯಾಡ ಅಂದ್ನೆಲ್ಲ ರೋಹಿಣಿ. ಅಂಗಡಿ ಮುಳುಗಿದ್ರ ಮುಳುಗ್ಲಿ."

ದೇವಿ ಸಾರಿನ ಪಾತ್ರೆ ಎತ್ತಿದಳು. ಆ ದಿನ ಇಬ್ಬರೂ ತಟ್ಟೆ ಮುಂದೆ ಮಾಡಲಿಲ್ಲ.

ಮುಂದಿನ ವಾರ ಶಾಂತಾರಾಮನಿಗೇ ಜ್ವರ ಬಂತು. ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗಿದ. ದೇವಿ ಕಿಟಕಿಯಲ್ಲಿ ಗಂಜಿ ಇಡುತ್ತಿದ್ದಳು. ಅಂಗಡಿಯಲ್ಲಿ ಹೇಳುವವಳು ಕೇಳುವವಳು ರೋಹಿಣಿ ಒಬ್ಬಳೇ ಆದಳು. ಟೆಂಪೊದ ಟೈರು ಸವೆದು ದಾರ ಕಾಣುತ್ತಿತ್ತು. ಫಕ್ಕೀರಪ್ಪ ಎರಡು ತಿಂಗಳಿಂದ ಸಂಬಳ ಕೇಳಿರಲಿಲ್ಲ, ಕೇಳದೆ ಇದ್ದುದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು. ಆಗಲೇ ಪಕ್ಕದ ಹಳ್ಳಿಯ ಚಂದ್ರಶೇಖರಪ್ಪನ ಹೆಂಡತಿ ಹೋದಳೆಂಬ ಸುದ್ದಿ ಬಂತು.

ಚಂದ್ರಶೇಖರಪ್ಪ ಹೊಲಮನೆ ಇದ್ದ ಅನುಕೂಲಸ್ಥ. ರೋಹಿಣಿಗೆ ಅವನು ಬಟ್ಟೆ ಅಂಗಡಿಯ ಕಾಲದಿಂದ ಗೊತ್ತು. ಒಂದು ಪಂಚೆ ಕೊಳ್ಳಲು ಅರ್ಧ ದಿನ ಚೌಕಾಶಿ ಮಾಡುವ, ಕೊನೆಗೆ ಚೀಲವನ್ನೂ ಬಿಟ್ಟಿ ಕೇಳುವ ಆಸಾಮಿ. ಇವನಿಗಾದರೆ ಹೇಳಬಹುದು, ಇವನು ಹೇಗೂ ಜಗಳ ಆಡುತ್ತಾನೆ, ಆಡಿದರೆ ತನಗೂ ಹಗುರಾಗುತ್ತದೆ ಎಂದು ಅವಳು ಅಂದುಕೊಂಡಳು. ಮೂರನೆಯ ದಿನ ಹಾಕಿದ್ದ ಕುರ್ಚಿ ಮರಳಿ ತರಲು ಗಾಡಿಯ ಜೊತೆ ತಾನೇ ಹೋದಳು. ಅಂಗಳದಲ್ಲಿ ಅವನು ಗಡ್ಡ ಬಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದ.

"ಈಗ ಪರಿಸ್ಥಿತಿ ಹಿಂಗೈತಿ ನೋಡ್ರಿ," ಎಂದು ಶುರುಮಾಡಿದಳು. "ಗಾಡಿ ಖರ್ಚು ಅಂತ ಏನಾದ್ರೂ..."

ಚಂದ್ರಶೇಖರಪ್ಪ ಅವಳ ಮುಖ ನೋಡಲಿಲ್ಲ. ಎಷ್ಟು ಎಂದೂ ಕೇಳಲಿಲ್ಲ. ಒಳಗೆ ಹೋಗಿ ಬಂದು ಕೈಗೆ ಬಂದಷ್ಟು ನೋಟು ಅವಳ ಮುಂದೆ ಹಿಡಿದ. ಅವಳು ಅದರಲ್ಲಿ ಸ್ವಲ್ಪ ತೆಗೆದುಕೊಂಡು ಉಳಿದದ್ದನ್ನು ಕೈಗೆ ಹಾಕಿದರೂ ಅವನು ಬೆರಳು ಮಡಚಲಿಲ್ಲ. ನೋಟುಗಳು ಕೆಳಗೆ ಬಿದ್ದವು. ಫಕ್ಕೀರಪ್ಪ ಬಗ್ಗಿ ಹೆಕ್ಕಿ ಕಟ್ಟೆಯ ಮೇಲಿಟ್ಟ.

ದುಃಖದಲ್ಲಿದ್ದವರು ಚೌಕಾಶಿ ಮಾಡುವುದಿಲ್ಲ. ಅಷ್ಟು ವರ್ಷ ವ್ಯಾಪಾರ ಮಾಡಿಯೂ ಅವಳಿಗೆ ಇದು ಗೊತ್ತಿರಲಿಲ್ಲ. ಅಂದು ಗೊತ್ತಾಯಿತು, ಗೊತ್ತಾಗಿ ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು. ಹೇಸಿಗೆ ಬಂದರೂ ಅವಳು ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಟೈರು ಹೊಸದಾಯಿತು. ಫಕ್ಕೀರಪ್ಪನಿಗೆ ಸಂಬಳ ಸಿಕ್ಕಿತು. ಅವನ ಹೆಂಡತಿ ಒಂದು ಕುಂಬಳಕಾಯಿ ತಂದು ದೇವಿಯ ಕೈಗೆ ಕೊಟ್ಟು ಕಣ್ಣೊರೆಸಿಕೊಂಡು ಹೋದಳು. ಆ ಕುಂಬಳಕಾಯಿ ತಪ್ಪೆಂದು ಯಾರು ಹೇಳುತ್ತಾರೆ?

ಶಾಂತಾರಾಮ ಎದ್ದು ಓಡಾಡುವಂತಾದ ಮೇಲೆ ಒಂದು ಸಾವಿನ ಮನೆಗೆ ಮೊದಲಿನಂತೆ ಗಾಡಿ ಹತ್ತಿ ಹೋದ. ತಾಡಪತ್ರಿ ಕಟ್ಟಿ, ಕೈಮುಗಿದು, ಕುರ್ಚಿಯಲ್ಲಿ ಕೂತ. ಸತ್ತವರ ತಮ್ಮ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ತುಂಬ ಮರ್ಯಾದೆಯಿಂದ, "ಬಾಡಿಗಿ ಈಗ ಕೊಡ್ಲ್ಯಾ, ದಿನ ಮುಗಿದ ಮ್ಯಾಲೆ ಕೊಡ್ಲ್ಯಾ?" ಎಂದು ಕೇಳಿದನಂತೆ. ಫಕ್ಕೀರಪ್ಪ ಹೇಳಿದ ಪ್ರಕಾರ ಶಾಂತಾರಾಮ ಕುರ್ಚಿಯಿಂದೆದ್ದು ನೆಲದ ಮೇಲೆ ಕೂತ.

ಮನೆಗೆ ಬಂದವನು ಕೂಗಾಡಲಿಲ್ಲ. ಕೂಗಾಡಿದ್ದರೆ ರೋಹಿಣಿ ತಯಾರಿದ್ದಳು. ವಾರವೆಲ್ಲ ಮನಸ್ಸಿನಲ್ಲೇ ಉತ್ತರ ಕಟ್ಟಿಟ್ಟುಕೊಂಡಿದ್ದಳು. ಅವನು ಜಗಲಿಯ ತುದಿಯಲ್ಲಿ ಕೂತು, "ಅಂಗಡಿ ಉಳೀತು. ಛಲೋ ಆತು," ಅಂದ. ಆಮೇಲೆ, "ಹಂಗಾರ ಇನ್ನ ಮುಂದ ಕರೀದ ಹೋಗಬ್ಯಾಡ್ರಿ," ಅಂದ.

"ಎಂತಕ್ಕ ಅಣ್ಣಾ?"

"ಬಿಟ್ಟಿ ಕೊಡಾವ ಕರೀದ ಹೋಗಬಹುದು. ಬಾಡಿಗಿ ತಗೊಳ್ಳಾವ ಕರೀದ ಹೋದ್ರ ಅದು ಗಂಟು ಬಿದ್ದಂಗ ಆಕ್ಕೈತಿ. ಅವ್ರು ಫೋನ್ ಮಾಡ್ಲಿ. ಬೇಕಂದ್ರ ಒಯ್ರಿ."

ನ್ಯಾಯವಾದ ಮಾತು. ಅವತ್ತಿನಿಂದ ಗಾಡಿ ಫೋನಿಗೆ ಕಾಯತೊಡಗಿತು. ಶಾಂತಾರಾಮ ಮತ್ತೆ ಆ ಗಾಡಿ ಹತ್ತಿ ಸತ್ತ ಮನೆಗೆ ಹೋಗಲಿಲ್ಲ. ಸುದ್ದಿ ತಿಳಿದರೆ ನಡೆದುಕೊಂಡೇ ಹೋಗುತ್ತಿದ್ದ.

ಕೆಟ್ಟ ಕಾಲ ಸರಿದು ಹೋಯಿತು. ಮದುವೆಗಳು ಬಂದವು. ಎರಡು ವರ್ಷ ತಡೆದಿಟ್ಟದ್ದಕ್ಕೋ ಏನೋ ಮೊದಲಿಗಿಂತ ಜೋರಾಗಿ ಬಂದವು. ರೋಹಿಣಿಯ ಪುಟ್ಟ ಮಂಟಪಗಳಿಗೆ ಹೆಸರಾಗಿತ್ತು, ಬನವಾಸಿಯ ಕಡೆಯಿಂದಲೂ ಮುಂಡಗೋಡದ ಕಡೆಯಿಂದಲೂ ಕೇಳಿ ಬಂದರು. ಇನ್ನೊಂದು ಗಾಡಿ ಬಂತು. ಕುರ್ಚಿಗಳಿಗೆ ಬಿಳಿ ಬಟ್ಟೆಯ ಅಂಗಿ, ಬೆನ್ನಿಗೆ ಜರಿಯ ಗಂಟು ಬಂತು. ಅಂಗಡಿ ನಿಜವಾಗಿಯೂ ಉಳಿಯಿತು, ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಇದೆಲ್ಲ ಒಂದು ಹಂತಕ್ಕೆ ಬಂದ ಮೇಲೆ ಒಂದು ಸಂಜೆ ಅವಳು ಅಣ್ಣನ ಹತ್ತಿರ ಕೂತು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದಳು.

"ಇನ್ನ ಸತ್ತ ಮನ್ಯಾಗ ತಗೊಳ್ಳೂದು ಬ್ಯಾಡ. ಮೊದ್ಲಿನಂಗ ಮಾಡೂಣು."

ಅಣ್ಣ ಸಂತೋಷಪಡುತ್ತಾನೆ ಅಂದುಕೊಂಡಿದ್ದಳು. ಅವನು ತಲೆಯಲ್ಲಾಡಿಸಿದ. "ಹೆಂಗ ಮಾಡ್ತೀ? ಆಗ ಕೊಟ್ಟವ್ರು ಅದಾರಲ್ಲ ಊರಾಗ. ಚಂದ್ರಶೇಖರಪ್ಪನ ಹೇಣ್ತಿ ಸಾವಿಗೆ ಇಸಗೊಂಡಿ. ನಾಳೆ ಅವನ ಬಾಜೂ ಮನಿಯಾಗ ಬಿಟ್ಟಿ ಹಾಕ್ತೀ. ಅವ ನೋಡ್ಕೋತ ಕುಂದರಬೇಕಾ?"

"ತಗೊಂಡಿದ್ದು ತಿರುಗಿ ಕೊಡೂಣು ಹಂಗಾರ."

"ಸತ್ತವ್ರ ರೊಕ್ಕಾ ಹಿಡ್ಕೊಂಡು ಮನೀ ಮನೀಗೆ ಹೋಗ್ತೀಯಾ? ಯಾರು ತಗೋತಾರ? ತಗೊಂಡ್ರೂ ಆ ದಿನ ಮತ್ತ ನೆಪ್ಪು ಮಾಡಿ ಕೊಟ್ಟಂಗಾಕ್ಕೈತಿ." ಅವನು ಅವಳ ತಲೆಯ ಮೇಲೆ ಕೈಯಿಟ್ಟ. "ಬಿಡು. ನೀ ಉಳಿಸ್ದಿ. ಅಷ್ಟು ಸಾಕು."

ಅವಳು ಆ ರಾತ್ರಿ ಅತ್ತಳು. ಬೆಳಿಗ್ಗೆ ಎದ್ದು ಮದುವೆಯೊಂದಕ್ಕೆ ಮಂಟಪ ಕಟ್ಟಿಸಲು ಹೋದಳು. ಮದುವೆಯ ಕೆಲಸ ಹಿಡಿದವರು ಸತ್ತ ಮನೆಗೆ ಹೋಗಿ ಬಂದು ಮಾಡುತ್ತಿದ್ದರೆ ಬೀಗರು ಮುಖ ಸಿಂಡರಿಸುತ್ತಾರೆಂದು ಅವಳು ಆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಸಾವಿನ ಫೋನುಗಳು ಬರಬರುತ್ತ ಕಡಿಮೆಯಾಗಿ ಕೊನೆಗೆ ನಿಂತೇಹೋದವು. ರೋಗ ಹೋಯಿತಲ್ಲ, ಸಾಯುವವರೂ ಕಡಿಮೆಯಾದರು ಎಂದು ಅವಳು ದೇವರಿಗೆ ಕೈಮುಗಿದಳು. ಇಷ್ಟು ಜಾಣೆಗೆ ಅದಕ್ಕಿಂತ ಮುಂದಿನದು ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು.

ಶಾಂತಾರಾಮ ಮದುವೆಯ ಸುಗ್ಗಿಯ ನಟ್ಟನಡುವೆ ಹೋದ. ಬೆಳಗಿನ ಚಹಾ ಕುಡಿದು ಜಗಲಿಯಲ್ಲಿ ಸ್ವಲ್ಪ ಅಡ್ಡಾದವನು ಏಳಲಿಲ್ಲ. ದೇವಿ ತಿಂಡಿಗೆ ಕರೆಯಲು ಬಂದು ಭುಜ ಮುಟ್ಟಿದಾಗ ಗೊತ್ತಾಯಿತು.

ರೋಹಿಣಿ ಅಳಲಿಲ್ಲ. ಮದುವೆಯಾಗಿ ಮುಂಡಗೋಡದಲ್ಲಿದ್ದ ಅಣ್ಣನ ಮಗಳಿಗೆ ಫೋನ್ ಮಾಡಿದಳು. ಅತ್ತಿಗೆಯನ್ನು ಒಳಗೆ ಕೂರಿಸಿದಳು. ಫಕ್ಕೀರಪ್ಪನಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಗಾಡಿ ಅಂಗಳದ ಮುಂದೆ ಬಂದು ನಿಂತಿತ್ತು. ಅವನು ಯಾರಿಂದ ಕೇಳಿದನೋ ಗೊತ್ತಿಲ್ಲ. ಮಾರನೆಯ ದಿನದ ಬದನಗೋಡದ ಮದುವೆಗೆಂದು ತುಂಬಿಟ್ಟಿದ್ದ ಕುರ್ಚಿಗಳನ್ನು ಹಾಗೇ ತಂದಿದ್ದ. ಅವನ ಕಣ್ಣಿಂದ ನೀರು ಇಳಿದು ಮೀಸೆ ಒದ್ದೆಯಾಗಿತ್ತು.

"ಇಳಸ್ಲ್ಯಾ ಅಕ್ಕಾರ?"

"ಎಲ್ಲಾ ಇಳಸು. ಅಣ್ಣಗ ಒಂದು ಕುರ್ಚಿನೂ ಕಮ್ಮಿ ಬೀಳಬಾರದು."

ಅವನು ಗಾಡಿಯ ಹಿಂಬದಿಯ ಬಾಗಿಲಿನ ಕೊಂಡಿ ತೆಗೆಯುವಷ್ಟರಲ್ಲಿ ಜನ ಬರತೊಡಗಿದರು. ಮೊದಲು ಓಣಿಯ ತುದಿಯ ಮುದುಕಿ ಹೊನ್ನಿ ಬಂದಳು. ಅವಳ ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಸ್ಟೂಲು ಇತ್ತು. ಅದನ್ನು ಹಲಸಿನ ಮರದ ಕೆಳಗಿಟ್ಟು, ಒಳಗೆ ಹೋಗಿ ಹೆಣದ ಮುಖ ನೋಡಿ ಬಂದು, ಅದರ ಮೇಲೆ ಕೂತಳು. ಅವಳ ಹಿಂದೆ ಇಬ್ಬರು ಗಂಡಸರು ಮರದ ಬೆಂಚೊಂದನ್ನು ಎರಡು ಕಡೆಯಿಂದ ಹಿಡಿದು ತಂದರು. ಆಮೇಲೆ ಒಬ್ಬಳು ಚಾಪೆ ಸುತ್ತಿಕೊಂಡು ಬಂದಳು. ಒಬ್ಬ ಸೈಕಲ್ಲಿನ ಹಿಂದೆ ಎರಡು ಕುರ್ಚಿ ಕಟ್ಟಿಕೊಂಡು ಬಂದ. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಬಂದರು, ತಂದದ್ದನ್ನು ಇಟ್ಟರು, ಕೈಮುಗಿದರು, ಕೂತರು. ಬಹಳ ದಿನದಿಂದ ಹೀಗೆಯೇ ಮಾಡಿ ರೂಢಿಯಾದವರ ಹಾಗೆ ಮಾಡಿದರು.

ರೋಹಿಣಿ ಹೊನ್ನಿಯ ಹತ್ತಿರ ಹೋದಳು. "ಹೊನ್ನಜ್ಜಿ, ಇದನ್ನ ಎಂತಕ್ಕ ಹೊತ್ತು ತಂದಿ? ನಮ್ಮ ಗಾಡಿ ತುಂಬ ಕುರ್ಚಿ ಅದಾವ."

"ಇರ್ಲಿ ಮಗಾ," ಎಂದಳು ಹೊನ್ನಿ. "ಈಗ ಎಲ್ಲಾರೂ ಅವ್ರವ್ರದು ತರ್ತೀವಲ್ಲ. ಸತ್ತ ಮನಿಯವ್ರಿಗೆ ಅದೊಂದು ಖರ್ಚು ಬ್ಯಾಡಂತ ಮಂದಿ ಹಂಗ ಮಾಡ್ಕೊಂಡಾರ."

ಮುದುಕಿಯ ಮಾತಿನಲ್ಲಿ ಮೊನೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇವಳಿಗೆ ಯಾಕೆ ಗೊತ್ತಿಲ್ಲ ಎಂಬ ಸಣ್ಣ ಆಶ್ಚರ್ಯವಷ್ಟೇ ಆ ಮುಖದಲ್ಲಿತ್ತು. ರೋಹಿಣಿ ತಿರುಗಿದಾಗ ಚಂದ್ರಶೇಖರಪ್ಪ ಬರುತ್ತಿದ್ದುದು ಕಂಡಿತು. ಅವನೂ ಮಡಚಿದ ಕಬ್ಬಿಣದ ಕುರ್ಚಿಯೊಂದನ್ನು ಕಂಕುಳಲ್ಲಿ ಹಿಡಿದಿದ್ದ. ಅವಳನ್ನು ನೋಡಿ ನಿಂತು, "ನಿಮ್ಮಣ್ಣ ದೊಡ್ಡ ಮನಶ್ಯಾ ಇದ್ದ ತಂಗಿ," ಅಂದ. ಕುರ್ಚಿ ಬಿಡಿಸಿಕೊಂಡು ಹೊನ್ನಿಯ ಪಕ್ಕ ಕೂತ.

ಅವಳು ಒಳಗೆ ಓಡಿದಳು. ಅಣ್ಣನ ತಲೆಯ ಹತ್ತಿರ ದೇವಿ ಗೋಡೆಗೆ ಒರಗಿ ಕೂತಿದ್ದಳು.

"ಅತ್ತಿಗಿ, ಮಂದಿ ತಮ್ಮ ಕುರ್ಚಿ ತಾವು ಹೊತ್ಕೊಂಡು ಬರಾಕ ಹತ್ಯಾರ."

"ಹೂಂ."

"ನಿಂಗ ಗೊತ್ತಿತ್ತಾ?"

ದೇವಿ ಗಂಡನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. "ಇವ್ರೂ ಒಯ್ತಿದ್ರು," ಅಂದಳು. "ಅಡಗಿ ಮನಿಯಾಗಿನ ಸ್ಟೂಲು ಒಯ್ದು ಕುಂತು ಬರ್ತಿದ್ರು. ರೋಹಿಣಿಗೆ ಹೇಳಬ್ಯಾಡ, ಆಕಿ ನಮ್ಮ ಸಲುವಾಗಿ ಮಾಡ್ಯಾಳ, ನೊಂದ್ಕೋತಾಳ ಅಂದಿದ್ರು."

ಆಗ ರೋಹಿಣಿಗೆ ಅಳು ಬಂತು. ಅಣ್ಣನ ಕಾಲು ಹಿಡಿದು ಅವಳು ಅತ್ತ ಅಳುವನ್ನು ಕೇಳಿ ಹೊರಗೆ ಕೂತಿದ್ದ ಹೆಂಗಸರೂ ಅತ್ತರು. ಸತ್ತ ಅಣ್ಣನಿಗಾಗಿ ಅಳುತ್ತಿದ್ದಾಳೆ ಅಂದುಕೊಂಡರು. ಅದೂ ಸುಳ್ಳಲ್ಲ. ಆದರೆ ಊರೊಳಗೆ ಸ್ಟೂಲು ಹಿಡಿದುಕೊಂಡು ಸಾವಿನ ಮನೆಗೆ ನಡೆದುಹೋಗುತ್ತಿದ್ದ ಶಾಮಿಯಾನದಂಗಡಿಯ ಯಜಮಾನನನ್ನು ಅವಳು ಅವತ್ತೇ ಮೊದಲ ಸಲ ಕಂಡದ್ದು. ಅವನ ಸಾವಿಗಿಂತ ಅದು ಅವಳಿಗೆ ದೊಡ್ಡದಾಗಿ ಹೋಯಿತು.

ಹೊರಗೆ ಫಕ್ಕೀರಪ್ಪ ಗಾಡಿಯ ಬಾಗಿಲ ಕೊಂಡಿಗೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ. ಅಂಗಳ ತುಂಬಿತ್ತು. ಇನ್ನೂ ಬರುತ್ತಿದ್ದವರ ಕೈಯಲ್ಲೂ ಕೂರಲು ಏನಾದರೊಂದು ಇತ್ತು. ಅವನು ಕೊಂಡಿ ಮತ್ತೆ ಹಾಕಿದ.

ಮಗಳು ಬಂದು ಮುಟ್ಟಿ, ಮಧ್ಯಾಹ್ನ ದಾಟಿದ ಮೇಲೆ ಶಾಂತಾರಾಮನನ್ನು ಒಯ್ದರು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲ ಮುಗಿದು ಜನ ಮರಳಿ ಬಂದು, ದೀಪಕ್ಕೆ ಕೈಮುಗಿದು, ತಮ್ಮ ತಮ್ಮ ಕುರ್ಚಿ, ಬೆಂಚು, ಚಾಪೆ ಎತ್ತಿಕೊಂಡು ಹೊರಟರು. ಹೊನ್ನಿ ಸ್ಟೂಲನ್ನು ತಲೆಯ ಮೇಲಿಟ್ಟುಕೊಂಡು, "ಹೊಟ್ಟಿಗೆ ಏನಾರ ಹಾಕ್ಕೋ ಮಗಾ," ಎಂದು ಹೇಳಿ ಹೋದಳು.

ಹೊಳೆಯಲ್ಲಿ ಮುಳುಗು ಹಾಕಿ ಒದ್ದೆ ಬಟ್ಟೆಯಲ್ಲಿ ಬಂದಿದ್ದ ಫಕ್ಕೀರಪ್ಪ ಮಾತ್ರ ಉಳಿದ. ಏನೋ ಹೇಳಬೇಕು, ಹೇಳಲಾಗುತ್ತಿಲ್ಲ ಎಂಬಂತೆ ಗಾಡಿಯ ಪಕ್ಕ ನಿಂತಿದ್ದ.

"ಏನು ಹೇಳು," ಎಂದಳು ರೋಹಿಣಿ.

"ನಾಳೆ ಬದನಗೋಡದ ಮದಿವಿ ಐತಲ್ರಿ ಅಕ್ಕಾರ. ಬ್ಯಾರೇ ಕಡೆ ಈಗ ಅವ್ರಿಗೆ ಸಿಗೂದಿಲ್ಲ." ಅವನು ನೆಲ ನೋಡುತ್ತ ಹೇಳಿದ. "ಕುರ್ಚಿ ಇಳಿಸಿಲ್ಲ. ಯಾರೂ ಕುಂತಿಲ್ಲ. ಸೂತಕ ತಾಗಿಲ್ಲ. ನೀವು ಮುಟ್ಟಬ್ಯಾಡ್ರಿ, ನಾ ಹಂಗ ಸೀದಾ ಒಯ್ತೀನಿ."

ಅವಳು ಗಾಡಿಯ ಕಡೆಗೆ ನೋಡಿದಳು. ಬಿಳಿ ಅಂಗಿ ತೊಟ್ಟ ಕುರ್ಚಿಗಳು ಒಂದರೊಳಗೊಂದು ಕೂತು, ಜರಿಯ ಗಂಟು ಒಂದೂ ಬಿಚ್ಚದೆ, ಬೆಳಿಗ್ಗೆ ಹೇಗಿದ್ದವೋ ಹಾಗೇ ಇದ್ದವು. ಫಕ್ಕೀರಪ್ಪ ಹೇಳಿದ್ದು ಸರಿಯೇ ಇತ್ತು. ಅಣ್ಣನ ಸಾವು ಅವುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

"ಹೋಗ್ ಬಾ," ಎಂದಳು.

ಗಾಡಿ ಹಿಂದಕ್ಕೆ ಸರಿದು, ತಿರುಗಿ, ರಸ್ತೆಗೆ ಇಳಿಯಿತು. ಅದರ ಸದ್ದು ಕ್ರಾಸಿನವರೆಗೂ ಕೇಳಿ ಆಮೇಲೆ ನಿಂತಿತು. ರೋಹಿಣಿ ಎಲ್ಲಾದರೂ ಕೂರೋಣವೆಂದು ಸುತ್ತ ನೋಡಿದಳು. ಅಂಗಳದಲ್ಲಿ ಒಂದೂ ಕುರ್ಚಿ ಇರಲಿಲ್ಲ. ಅವಳು ನೆಲದ ಮೇಲೆ ಕೂತಳು.